ಡಿಸ್ಕಿನ ಕೊಸರು: ಕಾರ್ಟೂನ್ ಸಿನಿಮಾಗಳಲ್ಲಿ ಅಡಗಿಸಿಟ್ಟ ಅಣಕುಗಳು, ಯಾವುದು ಯಾರಿಗೆ?

ತರಕಾರಿ ಕೊಂಡು ದುಡ್ಡು ಕೊಟ್ಟ ಮೇಲೂ ನಾವು ಒಂದು ಕ್ಷಣ ಗಾಡಿಯ ಪಕ್ಕ ನಿಲ್ಲುತ್ತೇವೆ. ಗಾಡಿಯವರು ಒಂದೆಸಳು ಕರಿಬೇವೋ ನಾಲ್ಕು ಹಸಿಮೆಣಸಿನಕಾಯಿಯೋ ಚೀಲಕ್ಕೆ ಹಾಕುತ್ತಾರೆ. ಅದು ಕೊಸರು. ಅದಕ್ಕೆ ಬೆಲೆಯಿಲ್ಲ, ಆದರೆ ಅದು ಬೀಳದಿದ್ದರೆ ವ್ಯಾಪಾರ ಮುಗಿದಂತೆ ಅನಿಸುವುದಿಲ್ಲ. ಡಿವಿಡಿ ಕಾಲದಲ್ಲಿ ಕಾರ್ಟೂನ್ ಸಿನಿಮಾದವರೂ ಹೀಗೆ ಕೊಸರು ಹಾಕುತ್ತಿದ್ದರು. ಕೆಲವರು ಅದನ್ನು ಚೀಲದ ತಳದಲ್ಲಿ ಬಚ್ಚಿಟ್ಟು ಸುಮ್ಮನಾಗುತ್ತಿದ್ದರು. ಕೈಹಾಕಿ ತಡಕಿದವರಿಗೆ ಸಿಕ್ಕಿತು, ಉಳಿದವರಿಗೆ ಇಲ್ಲ.

ನಾನು ಹೇಳುತ್ತಿರುವುದು ಕತ್ತರಿಸಿದ ದೃಶ್ಯಗಳ ಬಗ್ಗೆ ಅಲ್ಲ. ನಿರ್ದೇಶಕರು ಕುರ್ಚಿಯಲ್ಲಿ ಕೂತು ಒಬ್ಬರನ್ನೊಬ್ಬರು ಹೊಗಳುವ ಸಂದರ್ಶನಗಳ ಬಗ್ಗೆಯೂ ಅಲ್ಲ. ಸಿನಿಮಾ ಮಾಡಿದವರೇ ತಮ್ಮ ಪಾತ್ರಗಳನ್ನು ಕರೆದುಕೊಂಡು ಬಂದು ಯಾವುದಾದರೂ ಹಳೇ ಕಾರ್ಟೂನನ್ನೋ ಟಿವಿ ಶೋವನ್ನೋ ಸಾಕ್ಷ್ಯಚಿತ್ರವನ್ನೋ ಆಡಿಕೊಳ್ಳುವ ಪುಟ್ಟ ತುಣುಕುಗಳ ಬಗ್ಗೆ. ಇವು ನಾಲ್ಕು ನಿಮಿಷದ್ದೋ ಹತ್ತು ನಿಮಿಷದ್ದೋ ಇರುತ್ತವೆ. ಕೆಲವು ಸಿನಿಮಾಗಿಂತ ಚೆನ್ನಾಗಿವೆ. ಕೆಲವು ಹುಡುಕಿದ ಶ್ರಮಕ್ಕೂ ಸಾಲದು.

ಈಗ ಹಳೇ ಡಿಸ್ಕುಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗವಾಗಿ ಸಿಗುತ್ತವೆ. ಹಾಗಂತ ಕಂಡದ್ದನ್ನೆಲ್ಲ ತರುವುದಕ್ಕೆ ಆಗುವುದಿಲ್ಲ. ಮನೆಯಲ್ಲಿ ಜಾಗ ಬೇಕು, ನೋಡುವವರು ಬೇಕು. ಅದಕ್ಕೆ ನಾನು ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಯಾರನ್ನು ಆಡಿಕೊಳ್ಳುತ್ತಿದೆ, ಅವರು ನಮ್ಮ ಮನೆಯವರಿಗೆ ಗೊತ್ತಾ? ಮೂಲ ಗೊತ್ತಿಲ್ಲದವರಿಗೆ ಅಣಕು ತೋರಿಸುವುದು ಅಂದರೆ, ಪರಿಚಯವೇ ಇಲ್ಲದ ಮೇಷ್ಟ್ರ ಮಿಮಿಕ್ರಿ ಮಾಡಿ ತೋರಿಸಿದ ಹಾಗೆ.

ಮೊದಲ ಆಯ್ಕೆ: ದಿ ಇನ್‌ಕ್ರೆಡಿಬಲ್ಸ್

ಒಂದೇ ಒಂದು ಡಿಸ್ಕ್ ತರುವುದಾದರೆ ಇದನ್ನೇ ತನ್ನಿ. ಪಿಕ್ಸಾರ್‌ನ ಈ ಸಿನಿಮಾ 2004ರ ನವೆಂಬರಿನಲ್ಲಿ ಬಂತು, ಎರಡು ಡಿಸ್ಕಿನ ಡಿವಿಡಿ ಅಮೆರಿಕದಲ್ಲಿ 2005ರ ಮಾರ್ಚ್‌ನಲ್ಲಿ. ಎಲ್ಲರೂ ಮಾತಾಡುವುದು ಅದರಲ್ಲಿರುವ 'ಜ್ಯಾಕ್-ಜ್ಯಾಕ್ ಅಟ್ಯಾಕ್' ಕಿರುಚಿತ್ರದ ಬಗ್ಗೆ. ಅದು ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ನಿಜವಾದ ಕೊಸರು 'ಮಿಸ್ಟರ್ ಇನ್‌ಕ್ರೆಡಿಬಲ್ ಅಂಡ್ ಪಾಲ್ಸ್'.

ಇದರ ಹಿಂದಿನ ಕಲ್ಪನೆ ಹೀಗೆ. ಸೂಪರ್‌ಹೀರೋಗಳು ಜನಪ್ರಿಯರಾಗಿದ್ದ ಕಾಲದಲ್ಲಿ ಸಿನಿಮಾದ ನಾಯಕ ಮಿಸ್ಟರ್ ಇನ್‌ಕ್ರೆಡಿಬಲ್ ಹೆಸರಿನಲ್ಲಿ ಯಾರೋ ಒಂದು ಟಿವಿ ಕಾರ್ಟೂನ್ ಮಾಡಿದ್ದರು. ತೀರಾ ಅಗ್ಗದ ಕಾರ್ಟೂನ್. ಚಿತ್ರಗಳು ಅಲುಗಾಡುವುದೇ ಇಲ್ಲ. ಮುಖಗಳು ರಟ್ಟಿನಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ನಿಂತಿರುತ್ತವೆ, ತುಟಿ ಮಾತ್ರ ನಿಜವಾದ ಮನುಷ್ಯರದ್ದು. ನಾಯಕ ಮತ್ತು ಗೆಳೆಯ ಫ್ರೋಜೋನ್ ಜೊತೆಗೆ ಮಿಸ್ಟರ್ ಸ್ಕಿಪರ್‌ಡೂ ಎಂಬ ಮೊಲ ಬೇರೆ ಇದೆ. ಮೊಲ ಯಾಕೆ ಅಂತ ಕೇಳಬೇಡಿ. ಆ ಕಾಲದ ಕಾರ್ಟೂನುಗಳಲ್ಲಿ ಒಂದು ಪ್ರಾಣಿ ಇರಲೇಬೇಕಿತ್ತು.

ಮನುಷ್ಯರ ತುಟಿಯ ಈ ತಂತ್ರ ಕಟ್ಟುಕತೆಯಲ್ಲ. 1959ರಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾದ 'ಕ್ಲಚ್ ಕಾರ್ಗೋ' ಎಂಬ ಕಾರ್ಟೂನ್ ನಿಜಕ್ಕೂ ಹೀಗೇ ಇತ್ತು. ತುಟಿಯ ಚಲನೆಯನ್ನು ಚಿತ್ರ ಬಿಡಿಸುವುದು ದುಬಾರಿ ಕೆಲಸ. ಆದ್ದರಿಂದ ನಟರ ಬಾಯನ್ನು ಮಾತ್ರ ಕ್ಯಾಮೆರಾದಲ್ಲಿ ಹಿಡಿದು, ನಿಂತ ಚಿತ್ರದ ಮೇಲೆ ಕೂರಿಸುತ್ತಿದ್ದರು. ಅದಕ್ಕೆ ಸಿಂಕ್ರೋ-ವಾಕ್ಸ್ ಅಂತ ಹೆಸರು. ನೋಡಿದರೆ ಸ್ವಲ್ಪ ಹೆದರಿಕೆಯೇ ಆಗುತ್ತದೆ. ಅಕ್ಕನ ಮಗಳಿಗೆ ಮೊದಲ ಸಲ ತೋರಿಸಿದಾಗ ಅವಳು ಟಿವಿ ಹತ್ತಿರಕ್ಕೇ ಹೋಗಿ, "ಮಾಮ, ಇವರ ಬಾಯಿ ಯಾಕೆ ಹೀಗಿದೆ? ಯಾರೋ ಹಿಂದೆ ಕೂತಿದ್ದಾರಾ?" ಅಂದಳು.

ಹಾಗಾದರೆ ಕ್ಲಚ್ ಕಾರ್ಗೋ ನೋಡಿರದ ನಮಗೆ ಇದು ಅರ್ಥವಾಗುತ್ತದಾ? ಆಗುತ್ತದೆ. ಅದಕ್ಕೆ ಎರಡು ಕಾರಣ. ಒಂದು, ಅಗ್ಗದ ಕಾರ್ಟೂನ್ ಹೇಗಿರುತ್ತದೆ ಅಂತ ನಮಗೂ ಗೊತ್ತು. ಕೇಬಲ್ ಟಿವಿ ಬಂದ ಮೇಲೆ ಹ್ಯಾನಾ-ಬಾರ್ಬೆರಾ ಕಂಪನಿಯ ಕಾರ್ಟೂನುಗಳನ್ನು ನೋಡಿದವರಿಗೆ ನೆನಪಿರಬೇಕು: ಪಾತ್ರ ಓಡುತ್ತಲೇ ಇರುತ್ತದೆ, ಹಿಂದೆ ಅದೇ ಮೇಜು, ಅದೇ ಕಿಟಕಿ, ಮತ್ತೆ ಅದೇ ಮೇಜು. ಎರಡನೇ ಕಾರಣ ಇನ್ನೂ ದೊಡ್ಡದು. ಈ ತುಣುಕನ್ನು ಮತ್ತೊಂದು ಧ್ವನಿಯ ಜೊತೆ ನೋಡಬಹುದು. ಆಗ ಮಿಸ್ಟರ್ ಇನ್‌ಕ್ರೆಡಿಬಲ್ ಮತ್ತು ಫ್ರೋಜೋನ್ ಇಬ್ಬರೂ ಪಕ್ಕದಲ್ಲಿ ಕೂತು ತಮ್ಮದೇ ಹಳೇ ಕಾರ್ಟೂನ್ ನೋಡುತ್ತಾ ಮಾತಾಡುತ್ತಾರೆ. ಸಿನಿಮಾದಲ್ಲಿ ಧ್ವನಿ ಕೊಟ್ಟ ಕ್ರೇಗ್ ಟಿ. ನೆಲ್ಸನ್ ಮತ್ತು ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಅವರೇ ಇಲ್ಲೂ ಮಾತಾಡಿದ್ದಾರೆ.

ಫ್ರೋಜೋನ್ ಕಪ್ಪು ವರ್ಣದ ನಾಯಕ. ಕಾರ್ಟೂನಿನಲ್ಲಿ ನೋಡಿದರೆ ಅವನ ಮೈಬಣ್ಣವೇ ಬದಲಾಗಿದೆ, ಮಾತಿನ ಧಾಟಿಯೂ ಅವನದಲ್ಲ. ಅವನಿಗೆ ಸಿಟ್ಟು ನೆತ್ತಿಗೇರುತ್ತದೆ. ಪಕ್ಕದವನು ಸಮಾಧಾನ ಮಾಡಲು ನೋಡುತ್ತಾನೆ, ಅದರಿಂದ ಅವನ ಸಿಟ್ಟು ಇನ್ನೂ ಜಾಸ್ತಿಯಾಗುತ್ತದೆ. ಹಾಸ್ಯದೊಳಗೆ ಒಂದು ನಿಜವಾದ ಮುಳ್ಳು ಇದೆ. ಆ ಕಾಲದ ಟಿವಿ ಯಾರನ್ನು ಹೇಗೆ ತೋರಿಸುತ್ತಿತ್ತು ಎಂಬುದನ್ನು ನಾಲ್ಕೈದು ನಿಮಿಷದಲ್ಲಿ ಚುಚ್ಚಿ ಬಿಡುತ್ತಾರೆ. ಅದರ ಜೊತೆ, ಡಿವಿಡಿಗಳಲ್ಲಿ ನಿರ್ದೇಶಕರು ಮಾಡುವ ಗಂಭೀರ ವ್ಯಾಖ್ಯಾನವನ್ನೂ ಅಣಕಿಸಿದ ಹಾಗಾಯಿತು. ಒಂದೇ ಕಲ್ಲಿಗೆ ಎರಡು ಹಕ್ಕಿ. ಮೊದಲು ಸಾದಾ ಧ್ವನಿಯಲ್ಲಿ ನೋಡಿ, ತಕ್ಷಣ ಎರಡನೇ ಸಲ ವ್ಯಾಖ್ಯಾನದ ಜೊತೆ ನೋಡಿ. ತಿರುವುಮುರುವು ಮಾಡಿದರೆ ಮಜಾ ಹೋಗುತ್ತದೆ.

ಇದೇ ಡಿಸ್ಕಿನಲ್ಲಿ ನಿಜವಾಗಿ ಬಚ್ಚಿಟ್ಟವೂ ಇವೆ. ಮೆನು ಬಂದಾಗ ರಿಮೋಟ್ ಮುಟ್ಟದೆ ಸುಮ್ನೆ ಕೂತಿರಿ. ಸ್ವಲ್ಪ ಹೊತ್ತಿಗೆ ಮೂಲೆಯಲ್ಲಿ ಚಿಕ್ಕ ಓಮ್ನಿಡ್ರಾಯ್ಡ್, ಅಂದರೆ ಸಿನಿಮಾದ ಆ ರೋಬೋ, ಕಾಣಿಸಿಕೊಳ್ಳುತ್ತದೆ. ಅದನ್ನು ಒತ್ತಿದರೆ ಒಂದೊಂದು ಕಡೆ ಒಂದೊಂದು ಸಿಗುತ್ತದೆ. ಅವುಗಳಲ್ಲಿ ಕಾಲುಚೀಲದ ಬೊಂಬೆಗಳು ಇದೇ ಸಿನಿಮಾವನ್ನು ಆಡಿ ತೋರಿಸುವುದು ನನ್ನ ಮೆಚ್ಚಿನದು. ಕೋಟಿಗಟ್ಟಲೆ ಖರ್ಚು ಮಾಡಿ ಕಂಪ್ಯೂಟರಿನಲ್ಲಿ ಕೂದಲೆಳೆ ಕೂದಲೆಳೆಯಾಗಿ ಮಾಡಿದ ಸಿನಿಮಾವನ್ನು ಎರಡು ಕಾಲುಚೀಲದಲ್ಲಿ ಮುಗಿಸಿದ್ದಾರೆ!

ಮನೆ ತುಂಬ ಜನ ಇದ್ದರೆ: ಶ್ರೆಕ್ 2

ಹಬ್ಬಕ್ಕೆ ನೆಂಟರು ಬಂದಿದ್ದಾರೆ, ಅಜ್ಜಿಯಿಂದ ಹಿಡಿದು ಆರು ವರ್ಷದ ಮಗುವಿನವರೆಗೆ ಎಲ್ಲರೂ ಹಾಲ್‌ನಲ್ಲಿದ್ದಾರೆ. ಆಗ ಇನ್‌ಕ್ರೆಡಿಬಲ್ಸ್ ಬೇಡ, ಶ್ರೆಕ್ 2 ಹಾಕಿ. ಅದರ ಡಿವಿಡಿ 2004ರ ನವೆಂಬರಿನಲ್ಲಿ ಬಂದದ್ದು. ಅದರಲ್ಲಿ 'ಫಾರ್ ಫಾರ್ ಅವೇ ಐಡಲ್' ಅಂತ ಒಂದಿದೆ. 2002ರಲ್ಲಿ ಶುರುವಾದ 'ಅಮೆರಿಕನ್ ಐಡಲ್' ಹಾಡಿನ ಸ್ಪರ್ಧೆಯ ನೇರ ಅಣಕು.

ಇಲ್ಲಿ ಮೂಲ ಗೊತ್ತಾ ಎಂಬ ಪ್ರಶ್ನೆಯೇ ಬರುವುದಿಲ್ಲ. ಅದೇ 2004ರಲ್ಲಿ ನಮ್ಮಲ್ಲಿ 'ಇಂಡಿಯನ್ ಐಡಲ್' ಶುರುವಾಯಿತು. ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ 'ಎದೆ ತುಂಬಿ ಹಾಡುವೆನು' ಇತ್ತು, ಆಮೇಲೆ 'ಸರಿಗಮಪ' ಬಂತು. ವೇದಿಕೆ, ತೀರ್ಪುಗಾರರ ಮೇಜು, ಎದೆಬಡಿತದ ಸಂಗೀತ, ಕಣ್ಣೀರು, ಎಲ್ಲವೂ ನಮ್ಮ ಅಜ್ಜಿಯಂದಿರಿಗೆ ಬಾಯಿಪಾಠ. ಒಂದೇ ವ್ಯತ್ಯಾಸ ಏನೆಂದರೆ, ನಮ್ಮ ಎಸ್‌ಪಿಬಿ ಮಕ್ಕಳ ತಪ್ಪನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳುತ್ತಿದ್ದರು. ಇಲ್ಲಿ ಮೇಜಿನ ಹಿಂದೆ ಶ್ರೆಕ್ ಮತ್ತು ಫಿಯೋನಾ ಜೊತೆ ಕೂತಿರುವುದು ಸೈಮನ್ ಕವೆಲ್. ಕಹಿ ಮಾತಿಗೆ ಹೆಸರಾದ ಅದೇ ತೀರ್ಪುಗಾರ, ತನ್ನ ಪಾತ್ರಕ್ಕೆ ತಾನೇ ಧ್ವನಿ ಕೊಟ್ಟಿದ್ದಾನೆ.

ಹಾಡಿನ ಆಯ್ಕೆಯಲ್ಲೇ ಜೋಕ್ ಇದೆ. ಮೂರು ಕುರುಡು ಇಲಿಗಳು ಬಂದು 'ಐ ಕ್ಯಾನ್ ಸೀ ಕ್ಲಿಯರ್ಲಿ ನೌ' ಹಾಡುತ್ತವೆ, ಅಂದರೆ ಈಗ ನನಗೆಲ್ಲ ಚೆನ್ನಾಗಿ ಕಾಣುತ್ತಿದೆ ಅಂತ. ಬೂಟು ಹಾಕಿದ ಬೆಕ್ಕಿಗೆ ಬೂಟಿನ ಹಾಡು. ತನ್ನ ರೂಪಕ್ಕೆ ತಾನೇ ಮರುಳಾದ ರಾಜಕುಮಾರನಿಗೆ 'ಐಯಾಮ್ ಟೂ ಸೆಕ್ಸಿ'. ಇಂಗ್ಲಿಷ್ ಹಾಡುಗಳ ಪರಿಚಯ ಇಲ್ಲದವರಿಗೆ ಈ ಪದರ ಕೈತಪ್ಪುತ್ತದೆ. ಪಕ್ಕದಲ್ಲಿ ಯಾರಾದರೂ ಒಂದು ಸಾಲಿನಲ್ಲಿ ಹೇಳಿದರೆ ಸಾಕು.

ಎಲ್ಲ ಹಾಡಿದ ಮೇಲೆ ನೀವು ರಿಮೋಟ್ ಹಿಡಿದು ಗೆದ್ದವರನ್ನು ಆರಿಸಬೇಕು. ಶ್ರೆಕ್-ಫಿಯೋನಾ ಜೋಡಿ, ಕತ್ತೆ, ಬೆಕ್ಕು, ಇವರಲ್ಲಿ ಯಾರನ್ನು ಆರಿಸಿದರೂ ಅವರು ಗೆಲ್ಲುತ್ತಾರೆ. ಬೇರೆ ಯಾರಿಗಾದರೂ ಒತ್ತಿದಿರೋ, ಸೈಮನ್ ನಿಮ್ಮ ಮತವನ್ನು ತಳ್ಳಿಹಾಕಿ, ತಾನೇ ಗೆದ್ದೆ ಅಂತ 'ಮೈ ವೇ' ಹಾಡಲು ಶುರು ಮಾಡುತ್ತಾನೆ. ಎಸ್ಸೆಮ್ಮೆಸ್ ಮತದ ಕಾಲದಲ್ಲಿ ನಮಗೆಲ್ಲ ಇದ್ದ ಅನುಮಾನ ಇದೇ ಅಲ್ವಾ? ನಾನು ಮೊದಲ ಸಲ ನೋಡಿದಾಗ ಡಿಸ್ಕ್ ಕೆಟ್ಟಿದೆ ಅಂದುಕೊಂಡಿದ್ದೆ. ಈಗ ನೆಂಟರ ಮಕ್ಕಳಿಗೆ ರಿಮೋಟ್ ಕೊಟ್ಟು ಇಲಿಗಳಿಗೆ ಮತ ಹಾಕಿ ಅಂತ ನಾನೇ ಹುರಿದುಂಬಿಸುತ್ತೇನೆ.

ಮೊದಲ 'ಶ್ರೆಕ್' 2001ರ ನವೆಂಬರಿನಲ್ಲಿ ಡಿವಿಡಿಯಾದಾಗ ಇದೇ ದಾರಿಯಲ್ಲಿ ಮೂರು ನಿಮಿಷದ ಕ್ಯಾರಿಯೋಕೆ ಕುಣಿತ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅದು ಬರೀ ಗಲಾಟೆ. ಐಡಲ್‌ನಲ್ಲಿ ಆಡಿಕೊಳ್ಳುವುದಕ್ಕೆ ಒಬ್ಬ ಮನುಷ್ಯ ಸಿಕ್ಕಿದ್ದಾನೆ, ಕ್ಯಾರಿಯೋಕೆಯಲ್ಲಿ ಯಾರೂ ಇಲ್ಲ.

ಮಾತುಗಾರರಿಗೆ: ಬ್ರದರ್ ಬೇರ್, ಲಯನ್ ಕಿಂಗ್ ಒಂದೂವರೆ

ಸಿನಿಮಾ ನೋಡುವಾಗ ಪಕ್ಕದಲ್ಲಿ ಕೂತು ಕಾಮೆಂಟ್ ಹೊಡೆಯುವ ಗೆಳೆಯರು ಎಲ್ಲರಿಗೂ ಇರುತ್ತಾರೆ. ಅದು ಇಷ್ಟವಾದರೆ ಡಿಸ್ನಿಯ ಈ ಎರಡು ಡಿಸ್ಕ್ ನಿಮಗೆ. ಎರಡೂ 2004ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ ಬಂದವು.

'ಬ್ರದರ್ ಬೇರ್' ಸಿನಿಮಾ ನನಗೆ ಅಷ್ಟಕ್ಕಷ್ಟೆ. ಆದರೆ ಅದರ ಡಿವಿಡಿಯಲ್ಲಿ ರಟ್ ಮತ್ತು ಟ್ಯೂಕ್ ಎಂಬ ಎರಡು ಮೂಸ್‌ಗಳು, ಅಂದರೆ ಕೊಂಬಿನ ಆ ದೊಡ್ಡ ಜಿಂಕೆಗಳು, ಇಡೀ ಸಿನಿಮಾಗೆ ವ್ಯಾಖ್ಯಾನ ಕೊಡುತ್ತವೆ. ಧ್ವನಿ ರಿಕ್ ಮೊರಾನಿಸ್ ಮತ್ತು ಡೇವ್ ಥಾಮಸ್ ಅವರದು. ಈ ಇಬ್ಬರೂ ಕೆನಡಾದ ಟಿವಿಯಲ್ಲಿ ಬಾಬ್ ಮತ್ತು ಡಗ್ ಎಂಬ ಸೋಮಾರಿ ಅಣ್ಣತಮ್ಮಂದಿರಾಗಿ ಹೆಸರು ಮಾಡಿದವರು. ಅದೇ ಜೋಡಿಯನ್ನು ಕೊಂಬು ತೊಡಿಸಿ ಕಾಡಿಗೆ ಬಿಟ್ಟ ಹಾಗಿದೆ. ಕತೆ ಮುಂದೆ ಓಡುತ್ತಿರುತ್ತದೆ, ಇವರ ಮಾತು ಎಲ್ಲೆಲ್ಲೋ ಹೋಗುತ್ತಿರುತ್ತದೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ರಾಜನ ಎದುರು ನಿಂತೇ ರಾಜನ ಕತೆಯ ಕಾಲೆಳೆಯುವ ಹಾಸ್ಯಗಾರನನ್ನು ನಾವು ನೋಡಿದ್ದೇವಲ್ಲ. ಒಂದೇ ತೊಂದರೆ: ಪೂರ್ತಿ ಸಿನಿಮಾದಷ್ಟು ಉದ್ದ. ಇಂಗ್ಲಿಷ್ ವೇಗವಾಗಿ ಅರ್ಥವಾಗದವರಿಗೆ ಅರ್ಧ ಗಂಟೆಗೆ ಸುಸ್ತಾಗುತ್ತದೆ.

'ಲಯನ್ ಕಿಂಗ್ ಒಂದೂವರೆ' ಬೇರೆ ಜಾತಿ. ಅಮೆರಿಕದಲ್ಲಿ ನೇರ ಡಿಸ್ಕಿಗೇ ಬಂದ ಈ ಸಿನಿಮಾ ತಾನೇ ಒಂದು ಅಣಕು. 'ಲಯನ್ ಕಿಂಗ್'ನ ತಮಾಷೆಯ ಜೋಡಿ ಟೀಮಾನ್ ಮತ್ತು ಪುಂಬಾ ಥಿಯೇಟರಿನಲ್ಲಿ ಕೂತು ಮೂಲ ಸಿನಿಮಾವನ್ನು ರಿಮೋಟಿನಲ್ಲಿ ಹಿಂದೆ ಮುಂದೆ ಓಡಿಸುತ್ತಾ ತಮ್ಮ ಕತೆ ಹೇಳುತ್ತಾರೆ. ಎಕ್ಸ್‌ಟ್ರಾಗಳಲ್ಲಿ ಟೀಮಾನ್‌ನ ಜೀವನದ ಬಗ್ಗೆ 'ಬಿಹೈಂಡ್ ದಿ ಲೆಜೆಂಡ್' ಎಂಬ ಹುಸಿ ಸಾಕ್ಷ್ಯಚಿತ್ರ ಇದೆ, ದೊಡ್ಡ ತಾರೆಯರ ಏಳುಬೀಳಿನ ಕತೆ ಹೇಳುವ ಟಿವಿ ಕಾರ್ಯಕ್ರಮಗಳ ಗೇಲಿ. ಜೊತೆಗೆ 'ಹೂ ವಾಂಟ್ಸ್ ಟು ಬಿ ಕಿಂಗ್ ಆಫ್ ದಿ ಜಂಗಲ್' ಎಂಬ ಕ್ವಿಜ್. ಹೆಸರು ಕೇಳಿದರೆ ಗೊತ್ತಾಗುತ್ತದೆ, ನಮ್ಮಲ್ಲಿ ಪುನೀತ್ ರಾಜ್‌ಕುಮಾರ್ 2012ರಲ್ಲಿ 'ಕನ್ನಡದ ಕೋಟ್ಯಧಿಪತಿ'ಯಾಗಿ ನಡೆಸಿಕೊಟ್ಟರಲ್ಲ, ಅದೇ ಮೂಲ ಆಟದ ಅಣಕು. ಮಕ್ಕಳಿಗೆ ಇದು ಹಿಡಿಸುತ್ತದೆ. ದೊಡ್ಡವರಿಗೆ ಒಂದು ಸಲ ಸಾಕು.

ಇವೆರಡರಲ್ಲಿ ಒಂದೇ ಅಂದರೆ? ಒಬ್ಬರೇ ನೋಡುವುದಾದರೆ ಮೂಸ್‌ಗಳು. ಮಕ್ಕಳ ಜೊತೆಗಾದರೆ ಟೀಮಾನ್.

ಸಾಕ್ಷ್ಯಚಿತ್ರದ ಧಾಟಿ ಗೊತ್ತಿರುವವರಿಗೆ

ಒಂದು ಕಾಲದಲ್ಲಿ ಟಾಕೀಸಿನಲ್ಲಿ ಸಿನಿಮಾಗೆ ಮುಂಚೆ ಫಿಲ್ಮ್ಸ್ ಡಿವಿಷನ್ನಿನ ನ್ಯೂಸ್ ರೀಲ್ ಕಡ್ಡಾಯವಾಗಿ ಬರುತ್ತಿತ್ತು. ಗಂಭೀರ ಗಂಟಲು, "ಈ ರೋಗ ಹರಡುವುದು ಹೇಗೆ" ಎಂಬ ಪಾಠ. ನಾವು ಅದು ಮುಗಿಯುವವರೆಗೆ ಹೊರಗೆ ಕಡಲೆಕಾಯಿ ತಿನ್ನುತ್ತಿದ್ದೆವು. ಆ ಧಾಟಿ ಕಿವಿಯಲ್ಲಿ ಇನ್ನೂ ಉಳಿದಿದ್ದರೆ 'ರಾಟಟೂಯಿ' ಡಿಸ್ಕ್ ನಿಮಗೆ ಮೀಸಲು. 2007ರ ಆ ಡಿಸ್ಕಿನಲ್ಲಿ 'ಯುವರ್ ಫ್ರೆಂಡ್ ದಿ ರಾಟ್' ಎಂಬ 11 ನಿಮಿಷದ ಕಿರುಚಿತ್ರವಿದೆ. ನಿರ್ದೇಶಕ ಜಿಮ್ ಕ್ಯಾಪೊಬಿಯಾಂಕೊ. ರೆಮಿ ಮತ್ತು ಎಮಿಲ್ ಎಂಬ ಇಲಿಗಳೇ ನಿಂತು ಇಲಿಗಳ ಪರವಾಗಿ ವಾದ ಮಾಡುತ್ತವೆ: ಪ್ಲೇಗ್ ಹಬ್ಬಿಸಿದ್ದು ನಾವಲ್ಲ, ನಮ್ಮ ಮೈಮೇಲಿದ್ದ ಚಿಗಟ! ಶಾಲೆಯಲ್ಲಿ ತೋರಿಸುವ ಶೈಕ್ಷಣಿಕ ಚಿತ್ರದ ಪಕ್ಕಾ ಅಣಕು. ಮಜಾ ಏನೆಂದರೆ ಅದರಲ್ಲಿರುವ ಇತಿಹಾಸದ ಬಹುಪಾಲು ನಿಜ. ಕಂಪ್ಯೂಟರ್ ಕಂಪನಿ ಎಂದೇ ಹೆಸರಾದ ಪಿಕ್ಸಾರ್ ಇಲ್ಲಿ ಹೆಚ್ಚಿನದನ್ನು ಕೈಯಲ್ಲಿ ಬಿಡಿಸಿದ ಚಿತ್ರಗಳಲ್ಲಿ ಹೇಳಿದೆ. ಕೊನೆಯಲ್ಲಿ ವಕೀಲರ ಭಾಷೆಯ ಉದ್ದದ ಎಚ್ಚರಿಕೆ ಉರುಳುತ್ತದೆ. ಅದನ್ನು ಅಲ್ಲೇ ನಿಲ್ಲಿಸಿಕೊಂಡು ಓದಿ.

2003ರ 'ಫೈಂಡಿಂಗ್ ನೀಮೋ' ಡಿಸ್ಕಿನಲ್ಲೂ ಹೀಗೇ ಒಂದಿದೆ. ಸಮುದ್ರದ ಸಾಕ್ಷ್ಯಚಿತ್ರಗಳಿಗೆ ಹೆಸರಾದ ಜಾಕ್ ಕುಸ್ತೋ ಅವರ ಮಗ ಜಾನ್-ಮಿಶೆಲ್ ಕುಸ್ತೋ ಹವಳದ ದಿಬ್ಬದ ಬಗ್ಗೆ ಗಂಭೀರವಾಗಿ ಹೇಳಲು ಹೊರಡುತ್ತಾರೆ. ಸಿನಿಮಾದ ಮೀನುಗಳಾದ ಮಾರ್ಲಿನ್, ಡೋರಿ, ನೀಮೋ ಮಧ್ಯೆ ಬಾಯಿ ಹಾಕುತ್ತಲೇ ಇರುತ್ತವೆ. ಪಾಪ, ಅವರಿಗೆ ಒಂದು ವಾಕ್ಯ ಮುಗಿಸಲು ಬಿಡುವುದಿಲ್ಲ. ಮಕ್ಕಳಿಗೆ ಹವಳದ ಬಗ್ಗೆ ನಾಲ್ಕು ಮಾತು ಗೊತ್ತಾಗಲಿ ಅನ್ನುವವರು ರಾಟಟೂಯಿಗಿಂತ ಇದನ್ನೇ ಆರಿಸಿ. ಪ್ಲೇಗಿನ ಕತೆ ಚಿಕ್ಕವರಿಗೆ ಸ್ವಲ್ಪ ಭಾರ.

ಬರೀ ಇದಕ್ಕಾಗಿ ಕೊಳ್ಳಬೇಡಿ

'ಕಾರ್ಸ್' ಸಿನಿಮಾದ 2006ರ ಡಿವಿಡಿಯಲ್ಲಿ ಮೆನುವಿನೊಳಗೆ ಬಚ್ಚಿಟ್ಟ ಒಂದು ತುಣುಕಿದೆ. ಬಡ್ ಲಕಿ ಅವರ 'ಬೌಂಡಿನ್' ಎಂಬ ಕಿರುಚಿತ್ರವನ್ನು, ಅಂದರೆ ಉಣ್ಣೆ ಕತ್ತರಿಸಿದ್ದಕ್ಕೆ ನಾಚಿಕೊಂಡ ಕುರಿಯ ಕತೆಯನ್ನು, ಕಾರುಗಳ ಲೋಕಕ್ಕೆ ಎಳೆದು ತಂದಿದ್ದಾರೆ. ಮುದ್ದಾಗಿದೆ. ಆದರೆ ಒಂದು ನಿಮಿಷವೂ ಇಲ್ಲ, ಬೌಂಡಿನ್ ನೋಡಿರದಿದ್ದರೆ ತಲೆಬುಡ ಗೊತ್ತಾಗುವುದಿಲ್ಲ. ಬೌಂಡಿನ್ ಇರುವುದು ಎಲ್ಲಿ? ಇನ್‌ಕ್ರೆಡಿಬಲ್ಸ್ ಡಿಸ್ಕಿನಲ್ಲಿ. ಹಾಗಾಗಿ ಅದನ್ನು ತಂದವರು ಮಾತ್ರ ಇದನ್ನು ಹುಡುಕಬಹುದು. ಉಳಿದವರಿಗೆ 'ಕಾರ್ಸ್' ಸಿನಿಮಾದ ಕೊನೆಯ ಹೆಸರುಗಳ ಜೊತೆ ಬರುವ ಅಣಕೇ ಸಾಕು. ಲಾರಿಯೊಂದು ತೆರೆದ ಮೈದಾನದ ಥಿಯೇಟರಿನಲ್ಲಿ ಪಿಕ್ಸಾರ್‌ನ ಹಳೇ ಸಿನಿಮಾಗಳ ಕಾರು ಆವೃತ್ತಿಗಳನ್ನು ನೋಡುತ್ತಾ, ಎಲ್ಲದರಲ್ಲೂ ಒಬ್ಬನೇ ನಟನ ಧ್ವನಿ ಇದೆಯಲ್ಲ ಅಂತ ರೇಗುತ್ತದೆ. ಆ ಲಾರಿಗೆ ಧ್ವನಿ ಕೊಟ್ಟಿರುವುದೇ ಆ ನಟ, ಜಾನ್ ರಾಟ್ಜೆನ್‌ಬರ್ಗರ್. ಇದು ಸಿನಿಮಾದಲ್ಲೇ ಇರುವುದರಿಂದ ಎಲ್ಲಿ ನೋಡಿದರೂ ಸಿಗುತ್ತದೆ.

'ಫ್ರೋಜನ್' ಬಗ್ಗೆ ಎಚ್ಚರಿಕೆ. 2014ರಲ್ಲಿ ಬಂದ ಅದರ ಬ್ಲೂ-ರೇ ಡಿಸ್ಕಿನಲ್ಲಿ 'ದಿ ಮೇಕಿಂಗ್ ಆಫ್ ಫ್ರೋಜನ್' ಅಂತ ಬರೆದಿರುತ್ತದೆ. ಸಿನಿಮಾ ಹೇಗೆ ಮಾಡಿದರು ಅಂತ ಗೊತ್ತಾಗುತ್ತದೆ ಅಂದುಕೊಂಡು ಒತ್ತಿದರೆ, ಕ್ರಿಸ್ಟನ್ ಬೆಲ್, ಜಾಶ್ ಗ್ಯಾಡ್, ಜೊನಾಥನ್ ಗ್ರಾಫ್ ಸ್ಟುಡಿಯೋ ತುಂಬ ಕುಣಿಯುತ್ತಾ "ಇದನ್ನು ಹೇಗೆ ಮಾಡಿದೆವು" ಅಂತ ಹಾಡುತ್ತಾರೆ. ಮೂರು ನಿಮಿಷ ಹಾಡಿ, ಏನೂ ಹೇಳದೆ ಮುಗಿಸುತ್ತಾರೆ. ಮೇಕಿಂಗ್ ವಿಡಿಯೋಗಳ ಅಣಕು ಎಂಬುದು ನಿಜ, ಜೋಕ್ ಕೂಡ ಅರ್ಥವಾಗುತ್ತದೆ. ಆದರೆ ಊಟಕ್ಕೆ ಕರೆದು ಊಟದ ಹಾಡು ಹಾಡಿದರೆ ಹೇಗೆ? ಕೊಸರು ಕೊಡುವಾಗ ಸಾಮಾನನ್ನೂ ಕೊಡಬೇಕು.

ಹೊಸ ಡಿಸ್ಕುಗಳಲ್ಲಿ ಎರಡನ್ನು ಹೆಸರಿಸುತ್ತೇನೆ. 'ಸ್ಪೈಡರ್-ಮ್ಯಾನ್: ಇಂಟು ದಿ ಸ್ಪೈಡರ್-ವರ್ಸ್' ಸಿನಿಮಾದ 2019ರ ಡಿಸ್ಕಿನಲ್ಲಿ ಹಂದಿ-ಸ್ಪೈಡರ್‌ನ 'ಕಾಟ್ ಇನ್ ಎ ಹ್ಯಾಮ್' ಇದೆ, ಹಳೇ ಹೊಡೆದಾಟದ ಕಾರ್ಟೂನುಗಳ ಗೇಲಿ. 2014ರ 'ಲೆಗೊ ಮೂವಿ' ಡಿಸ್ಕಿನಲ್ಲಿ ಮೈಕೆಲ್ಯಾಂಜೆಲೊ ಮತ್ತು ಲಿಂಕನ್ ಪೊಲೀಸರಾಗಿ ಬರುವ 'ಹಿಸ್ಟರಿ ಕಾಪ್ಸ್' ಇದೆ. ಎರಡೂ ಮಜವಾಗಿವೆ, ಆದರೆ ಎರಡನ್ನೂ ಮೆನುವಿನಲ್ಲೇ ರಾಜಾರೋಷವಾಗಿ ಬರೆದಿದ್ದಾರೆ. ಹುಡುಕುವ ಖುಷಿ ಇಲ್ಲ.

ಡಿವಿಡಿಯೋ, ಬ್ಲೂ-ರೇಯೋ, ಸ್ಟ್ರೀಮಿಂಗೋ?

ಚಿತ್ರದ ಸ್ಪಷ್ಟತೆ ಮುಖ್ಯವಾದರೆ ಬ್ಲೂ-ರೇ, ಅದರಲ್ಲಿ ಮಾತೇ ಇಲ್ಲ. ಆದರೆ ಬಚ್ಚಿಟ್ಟ ಅಣಕು ಬೇಕಾದರೆ ಹಳೇ ಡಿವಿಡಿಯೇ ಒಳ್ಳೆಯದು. ಕಾರಣ ಮೆನುವಿನಲ್ಲಿದೆ. ಡಿವಿಡಿಯ ಒಂದು ಮೆನು ಪರದೆಯಲ್ಲಿ 36 ಗುಂಡಿಗಳವರೆಗೆ ಇಡಬಹುದು. ರಿಮೋಟಿನಲ್ಲಿ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒತ್ತಿದರೆ ಯಾವ ಗುಂಡಿಗೆ ಹೋಗಬೇಕು ಅಂತ ಪ್ರತಿ ಗುಂಡಿಯಲ್ಲೂ ಬರೆದಿರುತ್ತಾರೆ. ಬಣ್ಣವೇ ಇಲ್ಲದ ಒಂದು ಗುಂಡಿ ಇಟ್ಟು, ಎಡಗಡೆ ಎರಡು ಸಲ ಒತ್ತಿದವರಿಗೆ ಮಾತ್ರ ದಾರಿ ಬಿಟ್ಟರೆ ಗುಟ್ಟು ಸಿದ್ಧ. ಅಷ್ಟೇ ಗುಟ್ಟು.

ಹೀಗೆ ಬಚ್ಚಿಡುವುದಕ್ಕೆ 'ಈಸ್ಟರ್ ಎಗ್' ಅನ್ನುತ್ತಾರೆ. ಈಸ್ಟರ್ ಹಬ್ಬಕ್ಕೆ ತೋಟದಲ್ಲಿ ಮೊಟ್ಟೆ ಬಚ್ಚಿಟ್ಟು ಮಕ್ಕಳಿಂದ ಹುಡುಕಿಸುವ ಪದ್ಧತಿಯಿಂದ ಬಂದ ಹೆಸರು. ಅಟಾರಿ ಕಂಪನಿಯ 'ಅಡ್ವೆಂಚರ್' ಎಂಬ ವಿಡಿಯೋ ಗೇಮಿನಲ್ಲಿ ವಾರನ್ ರಾಬಿನೆಟ್ ಎಂಬಾತ ಗುಟ್ಟಿನ ಕೋಣೆಯೊಂದರಲ್ಲಿ ತನ್ನ ಹೆಸರು ಬರೆದಿಟ್ಟಿದ್ದ. ಆಟ ಬರೆದವರ ಹೆಸರನ್ನು ಕಂಪನಿ ಹಾಕುತ್ತಿರಲಿಲ್ಲ ಎಂಬ ಸಿಟ್ಟಿಗೆ. 'ಈಸ್ಟರ್ ಎಗ್' ಎಂಬ ಹೆಸರು ಗೇಮುಗಳಲ್ಲಿ ಹಬ್ಬಿದ್ದು ಅಲ್ಲಿಂದ.

ಹುಡುಕುವುದಕ್ಕೆ ನನ್ನ ಕ್ರಮ ಹೇಳುತ್ತೇನೆ. ಪ್ರತಿ ಮೆನುವಿನಲ್ಲಿ ಅಂಚಿನ ಗುಂಡಿಗೆ ಹೋಗಿ, ಅಲ್ಲಿಂದಲೂ ಹೊರಕ್ಕೆ ಬಾಣ ಒತ್ತಿ. ಆಯ್ಕೆಯ ಗುರುತು ಇದ್ದಕ್ಕಿದ್ದಂತೆ ಮಾಯವಾದರೆ ಸರಿಯಾದ ಜಾಗ ಸಿಕ್ಕಿತು, ಎಂಟರ್ ಒತ್ತಿ. ಏನೂ ಆಗದಿದ್ದರೆ ಒಂದು ನಿಮಿಷ ಕಾಯಿರಿ. ಇಷ್ಟೆಲ್ಲ ತಾಳ್ಮೆ ಇಲ್ಲದವರು ಕಂಪ್ಯೂಟರಿನಲ್ಲಿ ಡಿಸ್ಕ್ ಹಾಕಿ ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರಿನಲ್ಲಿ ತೆರೆಯಿರಿ. ಪ್ಲೇಬ್ಯಾಕ್ ಒಳಗೆ ಟೈಟಲ್ ಪಟ್ಟಿ ಇರುತ್ತದೆ. ಮೆನುವಿನಲ್ಲಿ ಕಾಣದವೂ ಅಲ್ಲಿ ಸಾಲಾಗಿ ನಿಂತಿರುತ್ತವೆ. ಕಾಪಿ ಹೊಡೆದ ಹಾಗೆ ಅನಿಸುತ್ತದೆ, ಆದರೆ ಕೆಲಸ ಆಗುತ್ತದೆ.

ಸ್ಟ್ರೀಮಿಂಗಿನಲ್ಲಿ ಇಂಥ ಮೆನುವೇ ಇಲ್ಲ. ಕೆಲವು ಸಿನಿಮಾಗಳಿಗೆ ಎಕ್ಸ್‌ಟ್ರಾ ಅಂತ ಒಂದು ಸಾಲು ಇರುತ್ತದೆ, ಎಲ್ಲಕ್ಕೂ ಅಲ್ಲ. ಸೈಮನ್ ನಿಮ್ಮ ಮತವನ್ನು ತಳ್ಳಿಹಾಕಬೇಕಾದರೆ ನೀವು ಮೊದಲು ಮತ ಹಾಕಬೇಕಲ್ಲ. ಆ ಆಟಕ್ಕೆ ರಿಮೋಟ್ ಮತ್ತು ಡಿಸ್ಕ್ ಬೇಕು.

ಇನ್ನೊಂದು ಕಾರಣಕ್ಕೂ ಹಳೇ ಡಿಸ್ಕ್ ಕೈಯಲ್ಲಿರಲಿ. 'ಟಾಯ್ ಸ್ಟೋರಿ 2' ಸಿನಿಮಾದ ಕೊನೆಯಲ್ಲಿ ಶೂಟಿಂಗ್ ವೇಳೆ ಪಾತ್ರಗಳು ತಪ್ಪು ಮಾಡಿದ ಹಾಗೆ ತೋರಿಸುವ ಹುಸಿ ತುಣುಕುಗಳಿವೆ. 1998ರ 'ಎ ಬಗ್ಸ್ ಲೈಫ್'ನಿಂದ ಪಿಕ್ಸಾರ್ ಶುರು ಮಾಡಿದ ತಮಾಷೆ ಅದು. ಕಾರ್ಟೂನಿನಲ್ಲಿ ಶೂಟಿಂಗ್ ತಪ್ಪು ಎಲ್ಲಿಂದ ಬರಬೇಕು, ಅಲ್ವಾ? ಆ ತುಣುಕುಗಳಲ್ಲಿ ಒಂದರಲ್ಲಿ ಸ್ಟಿಂಕಿ ಪೀಟ್ ಎಂಬ ಮುದುಕ ಬೊಂಬೆ ಇಬ್ಬರು ಬಾರ್ಬಿಗಳಿಗೆ ಮುಂದಿನ ಸಿನಿಮಾದಲ್ಲಿ ಪಾತ್ರ ಕೊಡಿಸುವ ಆಸೆ ತೋರಿಸುತ್ತಾನೆ. 2019ರ ಹೊಸ ಬಿಡುಗಡೆಯಲ್ಲಿ ಅದನ್ನು ಕತ್ತರಿಸಿದರು. ಆ ಜೋಕ್ ಹೋಗಿದ್ದಕ್ಕೆ ನನಗೇನೂ ಬೇಜಾರಿಲ್ಲ, ಕೆಟ್ಟ ಜೋಕ್. ಆದರೆ ಮನೆಯಲ್ಲಿರುವ ಡಿಸ್ಕನ್ನು ಯಾರೂ ಬಂದು ಬದಲಿಸುವುದಿಲ್ಲ, ಸ್ಟ್ರೀಮಿಂಗಿನಲ್ಲಿ ಇದ್ದದ್ದು ನಾಳೆ ಇರಬೇಕೆಂದಿಲ್ಲ.

ಕೊಳ್ಳುವ ಮುಂಚೆ

ಡಬ್ಬಿಯ ಹಿಂದೆ ಭೂಗೋಳದ ಚಿಕ್ಕ ಗುರುತಿನೊಳಗೆ ಒಂದು ಅಂಕಿ ಇರುತ್ತದೆ. ಡಿವಿಡಿಗೆ ಭಾರತ 5ನೇ ವಲಯ, ಅಮೆರಿಕ 1, ಯುರೋಪ್ ಮತ್ತು ಜಪಾನ್ 2. ಅಮೆರಿಕದಲ್ಲಿರುವ ಅಣ್ಣನೋ ತಂಗಿಯೋ ಪ್ರೀತಿಯಿಂದ ತಂದುಕೊಟ್ಟ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡದೇ ಇರಬಹುದು. ಕಂಪ್ಯೂಟರ್ ಡ್ರೈವಿನಲ್ಲಿ ವಲಯ ಬದಲಿಸಬಹುದು, ಆದರೆ ಸಾಮಾನ್ಯವಾಗಿ 5 ಸಲ ಮಾತ್ರ. ಆಮೇಲೆ ಅಲ್ಲೇ ಬೀಗ ಬೀಳುತ್ತದೆ. ಬ್ಲೂ-ರೇಯಲ್ಲಿ ಅಂಕಿಯ ಬದಲು ಅಕ್ಷರ: ಅಮೆರಿಕ ಎ, ಯುರೋಪ್ ಬಿ, ಭಾರತ ಸಿ. ವಲಯದ ಬೀಗವೇ ಇಲ್ಲದ ಬ್ಲೂ-ರೇಗಳೂ ಬೇಕಾದಷ್ಟಿವೆ, ಕೇಳಿ ತಿಳಿದುಕೊಳ್ಳಿ.

ಒಂದೇ ಸಿನಿಮಾಗೆ ಒಂದು ಡಿಸ್ಕಿನ ಅಗ್ಗದ ಡಬ್ಬಿಯೂ ಎರಡು ಡಿಸ್ಕಿನ ಡಬ್ಬಿಯೂ ಇರುತ್ತವೆ. ಕೊಸರು ಇರುವುದು ಸಾಮಾನ್ಯವಾಗಿ ಎರಡನೆಯದರಲ್ಲಿ. ನಾನು ಒಂದು ಸಲ ಹಳೇ ಪುಸ್ತಕದಂಗಡಿಯೊಂದರಲ್ಲಿ ಚೌಕಾಸಿ ಮಾಡಿ, ಗೆದ್ದೆ ಅಂದುಕೊಂಡು ಎರಡು ಡಿಸ್ಕಿನ ಇನ್‌ಕ್ರೆಡಿಬಲ್ಸ್ ತಂದೆ. ಮನೆಗೆ ಬಂದು ತೆರೆದರೆ ಎಡಗಡೆ ಸಿನಿಮಾ ಇತ್ತು, ಬಲಗಡೆ ಡಿಸ್ಕ್ ಇಡುವ ಜಾಗ ಖಾಲಿ. ಅದರಲ್ಲಿ ಯಾರದೋ ಬಸ್ ಟಿಕೆಟ್ ಮಡಚಿಟ್ಟಿತ್ತು. ಮಿಸ್ಟರ್ ಸ್ಕಿಪರ್‌ಡೂ ನೋಡಲು ಇನ್ನೂ ಏಳು ತಿಂಗಳು ಕಾಯಬೇಕಾಯಿತು. ದುಡ್ಡು ಕೊಡುವ ಮುಂಚೆ, ಅಂಗಡಿಯಲ್ಲೇ ಡಬ್ಬಿ ತೆರೆದು ನೋಡಿ.